ಹಲಗೆಯ ಹಿಂದಿನ ಗೋಡೆ

"ಯವ್ವಾ, ಆ ಕಂಬಳಿ ತಗೀರಿ. ಅಳತಿ ಹಿಡೀಬೇಕು."

ಬಡಿಗೇರ ವಿರುಪಾಕ್ಷಪ್ಪ ಈ ಮಾತು ಹೇಳಿದ್ದು ಮೂರನೆಯ ಸಲ. ಮಲಕವ್ವ ಕೇಳಿಸದವಳ ಹಾಗೆ ಮೊರದೊಳಗಿನ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಪಡಸಾಲೆಯ ತುಂಬ ಹೊಸ ಹಲಗೆಯ ವಾಸನೆ. ನಿಪ್ಪಾಣಿಯಿಂದ ಟೆಂಪೋದಲ್ಲಿ ಬಂದ ಪ್ಲೈವುಡ್ಡು, ಸನ್‌ಮೈಕಾ ಹಾಳೆ, ತೆಳ್ಳನೆಯ ರೀಪುಗಳ ಕಟ್ಟು ಎಲ್ಲ ಬಾಗಿಲ ಬದಿಗೆ ಒರಗಿದ್ದವು. ಮೂರು ಗೋಡೆಗಳ ಅಳತೆ ಮುಗಿದಿತ್ತು. ಉಳಿದದ್ದು ಪಡುವಣ ಗೋಡೆ. ಅದರ ಗೂಟಗಳ ಮೇಲೆ ಒಂದು ಕರಿ ಕಂಬಳಿ ಅಗಲವಾಗಿ ಹರವಿಕೊಂಡು ತೂಗುತ್ತಿತ್ತು.

"ಕಂಬಳಿ ಮ್ಯಾಲಿಂದನ ಹಿಡೀರಿ," ಎಂದಳು ಕೊನೆಗೆ.

"ಅಂಗಿ ಮ್ಯಾಲಿಂದ ಅಳತಿ ಹಿಡ್ಯಾಕ ನಾ ಏನ ಸಿಂಪಿಗ್ಯಾನೇನ್ರಿ? ಎರಡ ನೂಲು ತಪ್ಪಿದ್ರ ನಿಮ್ಮ ಮಗ ನನ್ನ ತಲೀನ ಕೀಸತಾನ."

ಭರಮು ನಕ್ಕ. ಇಪ್ಪತ್ಮೂರರ ಹುಡುಗ; ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಮನೆಯಲ್ಲಿ ಅವನಿಗೆ ಕೆಲಸ. ಒಂದು ಸಲ ಯಾವುದೋ ಕಾಗದ ಕೊಡಲು ದೊಡ್ಡ ಸಾಹೇಬರ ಮನೆಗೆ ಹೋದವನು ಅಲ್ಲಿಯ ಗೋಡೆಗಳನ್ನು ನೋಡಿ ಬಂದಿದ್ದ. ನೆಲದಿಂದ ಜಂತಿಯವರೆಗೆ ಕಟ್ಟಿಗೆ, ಮುಟ್ಟಿದರೆ ಗಾಜಿನ ಹಾಗೆ ನುಣುಪು, ನಿಂತವರ ಮುಖ ಮಂಕಾಗಿ ಕಾಣುತ್ತಿತ್ತಂತೆ. ಅಂದಿನಿಂದ ಅವನಿಗೆ ತನ್ನ ಮನೆಯ ಮಣ್ಣಿನ ಗೋಡೆ ನೋಡಿದರೆ ಮುಖ ಸಿಂಡರಿಸುವಂತಾಗುತ್ತಿತ್ತು. ಮುಗಳಖೋಡದ ಹೆಣ್ಣು ಗೊತ್ತಾದ ಮೇಲಂತೂ ಅದೊಂದೇ ಮಾತು. "ಬೀಗರು ಬಂದ್ರ ಬೆನ್ನ ಎಲ್ಲಿ ಹಚ್ಚಬೇಕು? ಎದ್ದ ಹೋಗೂ ಮುಂದ ಬೆನ್ನ ತುಂಬ ಮಣ್ಣ ಹೊತ್ಕೊಂಡ ಹೋಗಬೇಕು," ಎನ್ನುತ್ತಿದ್ದ.

ಅವನೇ ಎದ್ದು ಕಂಬಳಿಯನ್ನು ಗೂಟದಿಂದ ಇಳಿಸಿದ. ಧೂಳು ಎದ್ದಿತು. ವಿರುಪಾಕ್ಷಪ್ಪ ಕಿವಿಯ ಸಂದಿಯ ಪೆನ್ಸಿಲ್ಲು ತೆಗೆದುಕೊಂಡು ಗೋಡೆಗೆ ಹೋದವನು ಹಾಗೇ ನಿಂತ.

ಉಳಿದ ಗೋಡೆಗೆಲ್ಲ ದೀಪಾವಳಿಯ ಹೊಸ ಸುಣ್ಣ ಬಳಿದಿತ್ತು. ಕಂಬಳಿಯ ಹಿಂದಿನ ಮೂರು ಮೊಳ ಜಾಗ ಮಾತ್ರ ಹಳೆಯ ಕೆಮ್ಮಣ್ಣಿನದು. ಅದರ ಮೇಲೆ ಸುಣ್ಣದ ಬೊಟ್ಟುಗಳು, ಸಾಲು ಸಾಲು. ಮೇಲಿನವು ಹಳದಿಗೆ ತಿರುಗಿದ್ದವು. ಕೆಳಕೆಳಗೆ ಬಂದ ಹಾಗೆ ಬೆಳ್ಳಗೆ. ಕಟ್ಟಕಡೆಯ ಬೊಟ್ಟು ಹತ್ತು ದಿನದ್ದು. ಈ ಸಲ ದೀಪಾವಳಿ ಅಮವಾಸ್ಯೆಗೆ ಸೂರ್ಯನಿಗೆ ಗ್ರಹಣ ಹಿಡಿದಿತ್ತು. ಗ್ರಹಣ ಬಿಟ್ಟ ಮೇಲೆ ಮಲಕವ್ವ ತಲೆಯ ಮೇಲೆ ನೀರು ಹಾಕಿಕೊಂಡು ಬಂದು, ಎಲೆಯಡಿಕೆಯ ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ತೆಗೆದುಕೊಂಡು ಅದನ್ನು ಇಟ್ಟಿದ್ದಳು.

"ಇವನ್ನ ಕೆರೀಬೇಕೇನ್ರಿ?" ಎಂದು ಬಡಿಗೇರ ಮೆಲ್ಲಗೆ ಕೇಳಿದ.

"ಕೆರೀಬ್ಯಾಡ್ರಿ," ಎಂದಳು ಮಲಕವ್ವ, ಮೊರ ಕೆಳಗಿಟ್ಟು.

"ಕೆರ್ಯೂದಿಲ್ಲ ಬಿಡ್ರಿ. ಮ್ಯಾಲ ರೀಪು ಹೊಡದು ಹಲಗಿ ಕೂಡಸತೇನಿ. ಒಳಗಿಂದ ಒಳಗ ಇರತಾವ."

ಅವಳ ಗಂಡ ಮಾಳಸಿದ್ದ ಕುರಿ ಕಾಯುವವನು. ಒಂದು ಶಿವರಾತ್ರಿಯ ಅಮವಾಸ್ಯೆಯನ್ನು ಮನೆಯಲ್ಲಿ ಕಳೆದು, ಮಾರನೆಯ ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಕುರಿಗಳ ಜೊತೆ ಹೊಳೆಯ ದಂಡೆಗುಂಟ ಹೋದ. ಹದಿನೈದು ದಿನಕ್ಕೆ ಜೊತೆಗಾರ ಒಬ್ಬನೇ ಕುರಿ ಹೊಡೆದುಕೊಂಡು ಬಂದ. ಕುರಿಗಳಿಗೆ ಕಾಲುಬ್ಯಾನಿ ಬಂದಿತ್ತು, ಔಷಧ ತರುತ್ತೇನೆಂದು ಮೀರಜಕ್ಕೆ ಹೋದವನು ತಿರುಗಿ ಬರಲಿಲ್ಲ, ಬಿಸಿಲು ಬಹಳ ಇತ್ತೆಂದು ಈ ಕಂಬಳಿ ಬಿಟ್ಟು ಹೋಗಿದ್ದ ಎಂದ. ಮಾಳಸಿದ್ದನ ಅಣ್ಣ ಸಿದರಾಯ ಮೀರಜಕ್ಕೆ ಹೋದ, ಅಲ್ಲಿಂದ ಪಂಢರಪುರಕ್ಕೆ ಹೋದ. ದವಾಖಾನೆ, ಸ್ಟೇಷನ್ನು, ಮಠ ಎಲ್ಲ ತಿರುಗಿ ಕಾಲು ಬಾವು ಬರಿಸಿಕೊಂಡು ಬಂದು ಈ ಪಡಸಾಲೆಯಲ್ಲೇ ಮುಖ ಮುಚ್ಚಿಕೊಂಡು ಕುಳಿತ. ಮುಂದಿನ ಅಮವಾಸ್ಯೆಗೆ ಮಲಕವ್ವ ಮೊದಲನೆಯ ಬೊಟ್ಟು ಇಟ್ಟಳು.

ಮನೆ ಬಿಟ್ಟು ಹೋದವನಿಗೆ ಹನ್ನೆರಡು ವರ್ಷ ದಾರಿ ನೋಡಬೇಕು. ಅಲ್ಲಿಯತನಕ ಹೆಂಡತಿಯ ಹಣೆಯ ಕುಂಕುಮವನ್ನು ಯಾರೂ ಕೇಳುವಂತಿಲ್ಲ. ಹನ್ನೆರಡು ತುಂಬಿದ ಮೇಲೆ ಹುಲ್ಲಿನ ಆಕಾರ ಮಾಡಿ, ಸತ್ತವರಿಗೆ ಮಾಡುವುದನ್ನೆಲ್ಲ ಅದಕ್ಕೆ ಮಾಡಿ, ಹೆಂಡತಿಯ ಬಳೆ ತೆಗೆಯುತ್ತಾರೆ. ಬರುವ ಶಿವರಾತ್ರಿಗೆ ಹನ್ನೆರಡು ತುಂಬುತ್ತದೆಂದು ಮಲಕವ್ವನಿಗೆ ಗೊತ್ತಿತ್ತು. ಆದ್ದರಿಂದಲೇ ಅವಳು ಮಗನ ಮದುವೆಗೆ ಅವಸರ ಮಾಡಿದ್ದು. ಮದುವೆಯಲ್ಲಿ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿ ಸುರಗಿಯ ನೀರು ಹಾಕುವಾಗ ಮಗನ ಮಗ್ಗುಲಲ್ಲಿ ಕೂರುವವಳು ತಾಯಿ. ಆದರೆ ಆ ತಾಯಿ ಮುತ್ತೈದೆಯಾಗಿರಬೇಕು. ಇರುವುದು ಒಬ್ಬನೇ ಮಗ. ಆ ಒಂದು ಸಲ ಕೂತು ಏಳಬೇಕು, ಆಮೇಲೆ ಶಿವರಾತ್ರಿ ಬರಲಿ, ಏನಾದರೂ ಬರಲಿ ಎಂದು ಅವಳು ಒಳಗೊಳಗೇ ಗಂಟು ಹಾಕಿಕೊಂಡಿದ್ದಳು. ಮಾರ್ಗಶಿರದಲ್ಲಿ ಮುಹೂರ್ತ ಹಿಡಿಸಿದ್ದೂ ಅವಳೇ. ಈ ಲೆಕ್ಕವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬಡಿಗೇರ ಅಳತೆ ಬರೆದುಕೊಳ್ಳುವ ಹೊತ್ತಿಗೆ ಸಿದರಾಯ ಬಂದ. ಕೆಲಸ ಎಲ್ಲಿಗೆ ಬಂತೆಂದು ನೋಡಿಹೋಗಲು ಬಂದವನು, ಕೋಲೂರಿ ಗೋಡೆಯ ಮುಂದೆ ನಿಂತ.

"ಇವೇನೋ ಭರಮು?"

"ಅಪ್ಪ ಹೋದಾಗಿಂದ ಅವ್ವ ಅಮಾಸಿಗೊಂದ ಬೊಟ್ಟ ಇಟ್ಟಾಳ ದೊಡ್ಡಪ್ಪಾ."

ಸಿದರಾಯ ಕೋಲಿನ ತುದಿಯನ್ನು ಒಂದೊಂದೇ ಬೊಟ್ಟಿಗೆ ತಾಗಿಸುತ್ತ ಹೋದ. ಒಂದು ಸಾಲು ಮುಗಿಸಿ ಇನ್ನೊಂದು ಸಾಲು ಎಣಿಸಿದ. ಮೂರನೆಯದನ್ನು ಎಣಿಸಲಿಲ್ಲ, ಮೇಲಿನಿಂದ ಕೆಳಗೆ ಸಾಲುಗಳನ್ನೇ ಎಣಿಸಿದ. ಆಮೇಲೆ ರೀಪಿನ ಕಟ್ಟಿನ ಮೇಲೆ ಕುಳಿತುಕೊಂಡ.

"ಸಾಲಿಗೆ ಹನ್ನೆರಡು. ಅಂಥಾವ ಹನ್ನೆರಡ ಸಾಲ," ಎಂದ. "ತುಂಬ್ಯಾವ, ಮಲಕವ್ವಾ."

"ಇಲ್ರಿ ಭಾವಾ. ಶಿವರಾತ್ರಿ ಅಮಾಸಿ ಮರುದಿನ ಹೋಗ್ಯಾರ. ಬರೂ ಶಿವರಾತ್ರಿಗಿ ತುಂಬತಾವ."

"ವರ್ಷಕ್ಕ ಎಷ್ಟ ಅಮಾಸಿ?"

"ಹನ್ನೆರಡ್ರಿ."

"ಹಂಗಾರ ಇವ್ಯಾಕ ತುಂಬ್ಯಾವ? ಹೆಚ್ಚಿಗಿ ಇಟ್ಟೀಯೇನ?"

"ಹೆಚ್ಚಿಗಿ ಇಟ್ಟಿಲ್ರಿ."

"ಬಿಟ್ಟೀಯೇನ?"

"ಬಿಟ್ಟೂ ಇಲ್ರಿ."

"ಮತ್ತ?"

ಮಲಕವ್ವ ಬೊಟ್ಟುಗಳ ಕಡೆ ನೋಡಿದಳು. ಈ ಪ್ರಶ್ನೆ ಅವಳಿಗೂ ಹೊಸದಲ್ಲ. ಮೊದಲನೆಯ ಸಾಲು ಸರಿಯಾಗಿ ಶಿವರಾತ್ರಿಗೇ ತುಂಬಿತ್ತು. ಎರಡನೆಯದು ಒಂದು ತಿಂಗಳು ಮೊದಲೇ ತುಂಬಿತು. ಆಗ ಅವಳು, ತಾನೇ ಯಾವಾಗಲೋ ಜ್ವರದ ಮಂಪರಿನಲ್ಲಿ ಒಂದಕ್ಕೆ ಎರಡು ಇಟ್ಟಿರಬೇಕೆಂದುಕೊಂಡಳು. ಯಾವುದು ಹೆಚ್ಚಿನದೆಂದು ತಿಳಿಯದೆ ಅಳಿಸಲು ಕೈ ಬರಲಿಲ್ಲ. ಗಂಡನ ಒಂದು ತಿಂಗಳನ್ನು ಒರೆಸಿಬಿಟ್ಟ ಹಾಗಾದೀತೆಂದು ಅಂಜಿಕೆ. ಮುಂದೆಯೂ ಸಾಲುಗಳು ಹಿಂದೆ ಹಿಂದೆ ಸರಿಯುತ್ತ ಬಂದವು. ಅವಳು ಕಂಬಳಿ ಹೊದಿಸಿ ಸುಮ್ಮನಿದ್ದಳು.

"ಭರಮು, ನೀ ಆಗ ಸಾಲ್ಯಾಗ ಎಷ್ಟನೇತ್ತೆ ಇದ್ದಿ?" ಎಂದು ಸಿದರಾಯ ಕೇಳಿದ.

ಭರಮು ದಿನಕ್ಕೆ ನೂರಾರು ಗಾಡಿ ತೂಗುವವನು. ಗಾಡಿಯ ಭಾರ ಕಳೆದು ಕಬ್ಬಿನ ಭಾರವನ್ನು ಬಾಯಲ್ಲೇ ಹೇಳುವವನು. ಅವನು ಒರಗಿಸಿಟ್ಟ ಹಲಗೆಗಳನ್ನು ನೋಡುತ್ತ, "ಐದೋ ಆರೋ ಇರಬೇಕು. ನೆನಪಿಲ್ಲ," ಎಂದ.

ಯಾವ ವರ್ಷವೆಂದು ಸಿದರಾಯನಿಗೂ ನೆನಪಿರಲಿಲ್ಲ. ಆಮೇಲೆ ದನಿ ಇಳಿಸಿದ. "ನಿನ್ನ ಕೈಲೇನ ಇಟ್ಟದ್ದವ್ವಾ ಇದು. ನಾನ ಬರದದ್ದಲ್ಲ. ಮುಗಳಖೋಡದ ಕೆಂಪವ್ವ ನನಗ ಎರಡ ಸಲ ಕೇಳ್ಯಾಳ. ಬೀಗತಿ ಹಣಿ ಮ್ಯಾಲಿಂದು ಏನಂತ ತಿಳೀಬೇಕ್ರಿ, ನನ್ನ ಮಗಳ ಕೊಳ್ಳಾಗ ತಾಳಿ ಬೀಳೂ ದಿನ, ಅಂದ್ಲು. ತಾಯಿ ಜೀವ, ಕೇಳತೈತಿ. ಇನ್ನೂ ತುಂಬಿಲ್ಲ ಅಂತ ಹೇಳಿ ಕಳಿಸಿದ್ದೆ. ಇನ್ನ ಹೆಂಗ ಹೇಳ್ಲಿ?"

"ಮದವಿ ಆಗೂತನಕಾ ತಡೀರಿ ಭಾವಾ."

"ತುಂಬಿದ್ದು ಗೊತ್ತಿದ್ದೂ ತಡದ್ರ ಅದು ಆ ಹುಡುಗಿ ತಲಿ ಮ್ಯಾಲ ಹೋಗತೈತಿ."

ಮಲಕವ್ವ ಮಗನ ಕಡೆ ನೋಡಿದಳು. ಅವನು ಕಂಬಳಿಯನ್ನು ಮಡಚುತ್ತಿದ್ದ. ಒಮ್ಮೆ ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ಅವ್ವಾ, ಮದವಿ ನಿಂತಗಿಂತೀತು," ಎಂದಷ್ಟೇ ಅಂದ.

ಎಂಟು ದಿನ ಬಿಟ್ಟು ಬಂದ ಸೋಮವಾರ ಅದನ್ನು ಮಾಡಿದರು. ಸಿದರಾಯನೇ ಜೋಳದ ಕಣಿಕೆಯ ಸೂಡು ಕಟ್ಟಿ ಒಂದು ಆಳಿನಷ್ಟು ಉದ್ದ ಮಾಡಿದ. ತೆಂಗಿನಕಾಯಿಯನ್ನು ತಲೆಯ ಜಾಗದಲ್ಲಿಟ್ಟ. ಹೊದಿಸಲು ಕಂಬಳಿ ಕೇಳಿದ.

"ಹೊಸಾ ಪಂಜೆ ತಂದೈತಲ್ರಿ. ಕಂಬಳಿ ಇರವಲ್ದ್ಯಾಕ," ಎಂದಳು ಮಲಕವ್ವ.

"ಅವನ ಮೈ ಮುಟ್ಟಿದ್ದು ಅದೊಂದ ಉಳದೈತಿ. ಅದನ್ನ ಹೊಚ್ಚಲಿಲ್ಲಂದ್ರ ಇದು ಬರೇ ಹುಲ್ಲು."

ಅವಳು ಕಂಬಳಿ ಕೊಟ್ಟಳು. ಗಂಡಸರು ಹೊಳೆಯ ಕಡೆ ಹೋದರು. ಭರಮು ಮುಂದೆ ಬೆಂಕಿಯ ಗಡಿಗೆ ಹಿಡಿದಿದ್ದ. ಹಿತ್ತಲಲ್ಲಿ ಸಿದರಾಯನ ಹೆಂಡತಿ ಸಕ್ಕುಬಾಯಿ ಮಲಕವ್ವನ ಕೈಗೆ ಹಳೆಯ ಬಟ್ಟೆ ಸುತ್ತಿ, ಚೂರು ಚುಚ್ಚದ ಹಾಗೆ ನೋಡಿಕೊಂಡು, ಕಲ್ಲಿನಿಂದ ಒಂದೊಂದೇ ಬಳೆ ಒಡೆದಳು. ಒಡೆಯುವಾಗ ಸಕ್ಕುಬಾಯಿಯೇ ಅಳುತ್ತಿದ್ದಳು. "ಅಳಬೇ," ಎಂದು ಗದರಿಸಿದಳು, "ಒಂದಿಷ್ಟ ಅಳಬೇ, ಎದಿ ಒಡೀತೈತಿ." ಮಲಕವ್ವ ಬಟ್ಟೆಯೊಳಗಿನ ಸಪ್ಪಳ ಕೇಳುತ್ತ ಕುಳಿತಿದ್ದಳು. ಕಂಬಳಿ ಸುಡುವ ನಾತ ಇಲ್ಲಿಯತನಕ ಬರುತ್ತದೋ ಎಂದು ಒಂದು ಸಲ ಗಾಳಿ ಮೂಸಿದಳು. ಬರಲಿಲ್ಲ.

ಆ ವಾರ ವಿರುಪಾಕ್ಷಪ್ಪ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ. ತಿರುಗಿ ಬಂದು, ಬಾಗಿಲಲ್ಲಿ ಅವಳ ಹಣೆ ನೋಡಿ, ತಲೆ ತಗ್ಗಿಸಿಕೊಂಡು ಒಳಗೆ ಹೋದ. ಮಣ್ಣಿನ ಗೋಡೆ ಮೊಳೆ ಹಿಡಿಯುವುದಿಲ್ಲವೆಂದು ಅಲ್ಲಲ್ಲಿ ತೂತು ತೋಡಿ ಮರದ ಗೂಟ ಬಡಿದ, ಅದರ ಮೇಲೆ ರೀಪು, ರೀಪಿನ ಮೇಲೆ ಹಲಗೆ. ಪಡುವಣ ಗೋಡೆಗೆ ಬಂದಾಗ ಗೂಟದ ಜಾಗವನ್ನು ಬೊಟ್ಟಿನ ಸಾಲುಗಳ ನಡುವೆಯೇ ಹುಡುಕಿ ಹುಡುಕಿ ಗುರುತು ಮಾಡಿಕೊಂಡ. ಅರ್ಧ ದಿನದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಭರಮು ಬಂದು, "ಯಾಕ್ರೀ ಮಿಸ್ತ್ರಿ, ಗ್ವಾಡಿಗಿ ಕಚಗುಳಿ ಮಾಡಾಕತ್ತೀರೇನ?" ಎಂದರೂ ಅವನು ನಗಲಿಲ್ಲ.

ಹಲಗೆ ಕೂತಿತು. ಅದರ ಮೇಲೆ ಅಂಟು ಹಚ್ಚಿ ಸನ್‌ಮೈಕಾ ಕೂಡಿಸಿದ. ತೇಗದ ಕಟ್ಟಿಗೆಯ ಎಳೆಗಳ ಚಿತ್ರ ಅದಕ್ಕೆ. ಹಾಳೆ ಹಾಳೆಗೂ ಅದೇ ಎಳೆ, ಅದೇ ಜಾಗದಲ್ಲಿ ಅದೇ ಗಂಟು. ಮನೆ ಒಮ್ಮೆಲೇ ಸಣ್ಣದಾಯಿತು, ತಣ್ಣಗಾಯಿತು. ಮಾತಾಡಿದರೆ ದನಿ ಬೇರೆಯೇ ಕೇಳಿಸುತ್ತಿತ್ತು. ನೋಡಲು ಬಂದವರೆಲ್ಲ ಅಂಗೈಯಿಂದ ಸವರಿ ಹೋದರು.

ಕೊನೆಗೆ ಅಂಚಿನ ಪಟ್ಟಿ ಹೊಡೆಯುವುದೊಂದು ಉಳಿಯಿತು. ಆ ದಿನ ಮಧ್ಯಾಹ್ನ ಮನೆಯಲ್ಲಿ ಮಲಕವ್ವ ಒಬ್ಬಳೇ. ಬಡಿಗೇರನಿಗೆ ಚಹಾ ತಂದಿಟ್ಟು, ತನ್ನ ಚಹಾದ ಬಸಿ ಹಿಡಿದು ಬಾಗಿಲ ಬಳಿ ಕುಳಿತಳು.

"ಇವತ್ತ ಮುಗದೀತೇನ್ರಿ?"

"ಇಲ್ರಿ ಯವ್ವಾ, ನಾಡದ ಮುಗಸತೇನಿ. ನಾಳಿ ಅಮಾಸಿ. ಅಮಾಸಿ ದಿನ ನಮ್ಮ ಮಂದಿ ಉಳಿ ಮುಟ್ಟೂದಿಲ್ಲ."

"ಚಲೋ ಐತಿ ನಿಮ್ಮದು. ವರ್ಷಕ್ಕ ಹನ್ನೆರಡ ಸೂಟಿ," ಎಂದಳು, ಏನಾದರೂ ಅನ್ನಬೇಕೆಂದು.

ವಿರುಪಾಕ್ಷಪ್ಪನಿಗೆ ಬಹಳ ದಿನಗಳ ಮೇಲೆ ಅವಳು ಮಾತಾಡಿದ್ದು ಕೇಳಿ ಹಗುರಾಯಿತು. "ಹನ್ನೆರಡ ಅಂತ ಯಾರ ಹೇಳಿದ್ರಿ? ಒಂದೊಂದ ವರ್ಷ ಹದಿಮೂರ ಬರತಾವ. ಅಧಿಕ ಮಾಸ ಬಿತ್ತಂದ್ರ ಒಂದ ಸೂಟಿ ಫುಕಟ. ನಮ್ಮಪ್ಪ ಅದನ್ನ ದೇವ್ರ ಕೊಟ್ಟ ಭಕ್ಷೀಸು ಅಂತಿದ್ದ."

ಮಲಕವ್ವ ಬಸಿಯನ್ನು ನೆಲದ ಮೇಲಿಟ್ಟಳು. ಅಧಿಕ ಮಾಸ ಅವಳು ಕೇಳದ್ದಲ್ಲ. ಅಳಿಯನನ್ನು ಕರೆಸಿ ಉಣಬಡಿಸಿ ಕಳಿಸುವ ತಿಂಗಳು. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ತವರಿನವರೂ ಆ ತಿಂಗಳು ಕರೆಯುವುದನ್ನು ಬಿಟ್ಟರು. ಊರಿಗೆ ಬಂದು ಹೋಗುತ್ತಿತ್ತು, ಈ ಮನೆಗೆ ಮಾತ್ರ ಬಂದಿರಲಿಲ್ಲ.

"ಅದು ಎಷ್ಟ ವರ್ಷಕ್ಕೊಮ್ಮಿ ಬರತೈತ್ರಿ?"

"ಮೂರ ವರ್ಷಕ್ಕೊಮ್ಮಿ ಅನ್ರಿ. ಒಮ್ಮೊಮ್ಮಿ ಎರಡೂವರಿಗೂ ಬರತೈತಿ."

"ಹನ್ನೆರಡ ವರ್ಷದಾಗ?"

"ಹನ್ನೆರಡ ವರ್ಷದಾಗ ನಾಕ..."

ಎತ್ತಿದ ಸುತ್ತಿಗೆಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದ. ಎದುರಿಗಿದ್ದ ಪಡುವಣ ಹಲಗೆಯನ್ನೇ ನೋಡಿದ. ಅದರಲ್ಲಿ ಅವನ ಮುಖವೂ, ಹಿಂದೆ ಬಾಗಿಲಲ್ಲಿ ಕುಳಿತವಳ ಬೋಳು ಕೈಯೂ ಮಂಕಾಗಿ ಕಾಣುತ್ತಿದ್ದವು.

ಮಲಕವ್ವ ಬೆರಳು ಮಡಚುತ್ತಿದ್ದಳು. "ನಾಳಿ ಛಟ್ಟಿ ಅಮಾಸಿ. ಅದರ ಮ್ಯಾಲ ಎಳ್ಳಮಾಸಿ. ಆಮ್ಯಾಲ ಅವರಾತ್ರಿ." ನಾಲ್ಕನೆಯ ಬೆರಳು ಮಡಚಲು ಸ್ವಲ್ಪ ಹೊತ್ತು ಹಿಡಿಯಿತು. "ಶಿವರಾತ್ರಿ. ನಾಕು ಸರಿಯಾತು."

"ಯವ್ವಾ..."

"ನಾ ಹೆಚ್ಚಿಗಿ ಇಟ್ಟಿದ್ದಿಲ್ಲ ಬಿಡ್ರಿ," ಎಂದಳು ಮಲಕವ್ವ. ಆ ಮಾತಿನಲ್ಲಿ ಒಂದು ಕ್ಷಣ ಸಮಾಧಾನದಂಥದು ಇತ್ತು.

ವಿರುಪಾಕ್ಷಪ್ಪ ಎದ್ದು ನಿಂತ. "ನಾ ಸಿದರಾಯಪ್ಪನವರಿಗಿ ಹೇಳತೇನಿ. ಹಲಗಿ ಬೇಕಂದ್ರ ಈಗ ಬಿಚ್ಚತೇನಿ. ಪಂಚಾಂಗ ತಂದ ತೋರಸತೇನಿ. ನಾ ಅವತ್ತ ಇಲ್ಲೇ ನಿಂತಿದ್ದೆ ಯವ್ವಾ, ಕೋಲ ಹಚ್ಚಿ ಎಣಸೂ ಮುಂದ. ಅಳತಿ ಬರಕೋತ ನಿಂತಿದ್ದೆ. ಬಾಯಿಗಿ ಬರಲಿಲ್ಲ."

"ನಿಮ್ಮ ಅಂಟಿಲೆ ಬಳಿ ಕೂಡತಾವೇನ್ರಿ?"

ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕಿಟ್ಟ.

"ಭಾವ ಮುದುಕರಾಗ್ಯಾರ. ಇದನ್ನ ಕೇಳಿದ್ರ ನೆಲಾ ಹಿಡೀತಾರ. ಭರಮುಗಂತೂ ಹೇಳಲೇಬ್ಯಾಡ್ರಿ. ಇದ್ದ ಅಪ್ಪಗ ಬೆಂಕಿ ಇಟ್ಟ ಬಂದೆ ಅಂತ ಜೀವಾ ಇರೂತನಕಾ ಕೊರಗತಾನ. ಮದವಿ ಹುಡುಗ." ಅವಳು ಬಸಿ ತೆಗೆದುಕೊಂಡು ಎದ್ದಳು. "ಹೊಡೀರಿ, ಹೊತ್ತ ಹೋಗತೈತಿ."

ಅವನು ಕುಳಿತ. ಒಳಗೆ ಒಲೆಯ ಮುಂದೆ ಕುಳಿತವಳಿಗೆ ಬಹಳ ಹೊತ್ತು ಸಪ್ಪಳ ಕೇಳಲಿಲ್ಲ. ಆಮೇಲೆ ಸುತ್ತಿಗೆಯ ಸಣ್ಣ ಏಟುಗಳು ಶುರುವಾದವು, ಯಾರೋ ಮಲಗಿದ ಮನೆಯಲ್ಲಿ ಹೊಡೆಯುವ ಹಾಗೆ.

ಮದುವೆ ಚೆನ್ನಾಗಿ ಆಯಿತು. ಸುರಗಿಯ ನಾಲ್ಕು ತಂಬಿಗೆಗಳ ನಡುವೆ ಭರಮುವಿನ ಮಗ್ಗುಲಲ್ಲಿ ಸಕ್ಕುಬಾಯಿ ಕುಳಿತಳು. ನೂಲು ಸುತ್ತುವಾಗ ಹೆಂಗಸರು ಹಾಡುತ್ತಿದ್ದರು. ಅಡಿಗೆಯ ಚಪ್ಪರದಲ್ಲಿ ಹಿಟ್ಟು ನಾದುತ್ತಿದ್ದ ಮಲಕವ್ವನಿಗೆ ಹಾಡು ಕೇಳುತ್ತಿತ್ತು. ಜನರ ಬೆನ್ನುಗಳ ಸಂದಿಯಿಂದ ಮಗನ ಅರಿಸಿನದ ಹೆಗಲು ಒಂದು ಸಲ ಕಂಡಿತು. ಬೀಗರು ಪಡಸಾಲೆಯಲ್ಲಿ ಹಲಗೆಗೆ ಬೆನ್ನು ಹಚ್ಚಿ ಕುಳಿತರು. ಎದ್ದಾಗ ಯಾರ ಬೆನ್ನಿಗೂ ಮಣ್ಣು ಹತ್ತಿರಲಿಲ್ಲ. ಕೆಂಪವ್ವ ಹೋಗುವಾಗ ಮಲಕವ್ವನ ಎರಡೂ ಕೈ ಹಿಡಿದುಕೊಂಡು, "ತಪ್ಪ ತಿಳೀಬ್ಯಾಡ್ರಿ ಬೀಗತಿ, ನನಗ ಇದೊಂದ ಹೆಣ್ಣ," ಎಂದಳು. ಮಲಕವ್ವ, "ನನಗೂ ಒಬ್ಬವನ ಅದಾನ್ರಿ," ಎಂದಳು.

ಸೊಸೆ ಸುಂದರಾ ಕೆಲಸದಲ್ಲಿ ಚುರುಕು. ದಿನವೂ ಒದ್ದೆ ಬಟ್ಟೆಯಿಂದ ಹಲಗೆಗಳನ್ನು ಒರೆಸುವುದು ಅವಳದೇ ಕೆಲಸವಾಯಿತು. ಭರಮು ಸಂಜೆ ಬಂದವನು ಗೋಡೆಗಳನ್ನು ಒಮ್ಮೆ ನೋಡಿ, ಆಮೇಲೆ ಕೈಕಾಲು ತೊಳೆಯಲು ಹೋಗುತ್ತಿದ್ದ. ಮಳೆ ಇಲ್ಲದಿದ್ದರೂ ಹಲಗೆಯ ಹಿಂದೆ ಆಗೊಮ್ಮೆ ಈಗೊಮ್ಮೆ ಮಣ್ಣು ಉದುರುವ ಸಪ್ಪಳವಾಗುತ್ತಿತ್ತು, ಮುಷ್ಟಿಯಿಂದ ಕಾಳು ಸುರಿದ ಹಾಗೆ. ಆ ಸಪ್ಪಳವಾದಾಗ ಮಲಕವ್ವ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಎಳ್ಳಮಾಸಿ ಹೋಯಿತು. ಅವರಾತ್ರಿ ಅಮಾಸಿ ಹೋಯಿತು.

ಶಿವರಾತ್ರಿಯ ಅಮವಾಸ್ಯೆ ಬಂತು. ಊಟ ಮುಗಿದು ಭರಮು ಕೆಲಸಕ್ಕೆ ಹೋಗಿದ್ದ, ಸುಂದರಾ ಬಾವಿಗೆ ಹೋಗಿದ್ದಳು. ಮಲಕವ್ವ ಪಡುವಣ ಹಲಗೆಯ ಮುಂದೆ ನಿಂತಳು. ಗೂಟಗಳಿರಲಿಲ್ಲ. ಬಾಗಿಲ ಚೌಕಟ್ಟಿನಿಂದ ಗೇಣು ಹಾಕುತ್ತ ಬಂದಳು. ಒಂಬತ್ತನೆಯ ಗೇಣಿಗೆ ನಿಂತು, ನೆಲದಿಂದ ಐದು ಗೇಣು ಎತ್ತರಕ್ಕೆ ಕೈ ಇಟ್ಟಳು. ಹನ್ನೆರಡನೆಯ ಸಾಲಿನ ಮೊದಲ ಬೊಟ್ಟು ಅದರ ಹಿಂದೆಯೇ ಇರಬೇಕು. ಅದರ ಕೆಳಗೆ ಒಂದು ಹೊಸ ಸಾಲಿನ ಜಾಗ. ಮೂರು ಬೊಟ್ಟಿನಷ್ಟು ಬಿಟ್ಟು, ಡಬ್ಬಿಯಿಂದ ಸುಣ್ಣ ತೆಗೆದು ನಾಲ್ಕನೆಯದರ ಜಾಗದಲ್ಲಿ ಬೆರಳು ಒತ್ತಿದಳು. ನುಣ್ಣನೆಯ ಹಾಳೆಯ ಮೇಲೆ ಬೆರಳು ಜಾರಿತು. ಬೊಟ್ಟು ದುಂಡಗೆ ಬರಲಿಲ್ಲ.

ಅವಳು ಕಟ್ಟೆಯ ಮೇಲೆ ಹೋಗಿ ಕುಳಿತಳು. ಸುಂದರಾ ಕೊಡ ಇಳಿಸಿ ಒಳಗೆ ಬಂದವಳು ಅಲ್ಲಿಂದಲೇ ಕೂಗಿದಳು.

"ಅತ್ತಿ, ಇಲ್ಲಿ ಸುಣ್ಣ ಹತ್ತೈತ್ರಿ ಹಲಗಿಗಿ."

"ಹೌದೇನ."

"ಅವರು ನೋಡಿದ್ರ ಸಿಟ್ಟಿಗೇಳತಾರ್ರಿ. ಇರ್ರಿ, ವರಸತೇನಿ."

ಮಲಕವ್ವ ಎದ್ದು ಬಾಗಿಲಿಗೆ ಬಂದಳು. ಸುಂದರಾ ಬಟ್ಟೆ ತೊಯ್ಯಿಸಿ ಹಿಂಡಿ, ಒಂದು ಸಲ ಎಳೆದಳು. ಅವಳ ಕೈಯ ಹಸಿರು ಬಳೆಗಳು ಒಂದಕ್ಕೊಂದು ತಾಗಿದವು.

"ಹೋತೇನವ್ವ?"

"ಹೋತ್ರಿ, ಒಂದ ಕೈಗಿ ಹೋತು. ಮಣ್ಣಿನ ಗ್ವಾಡಿ ಆಗಿದ್ರ ಹಿಡಕೊಂಡ ಕುಂಡರತಿತ್ತು."

ಸೊಸೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ಹಲಗೆಯ ಮೇಲೆ ಅಂಗೈಯಗಲ ನೀರಿನ ಪಸೆ ಉಳಿದಿತ್ತು. ಬಾಗಿಲಿನಿಂದ ಬಂದ ಗಾಳಿಗೆ ಅದು ಅಂಚಿನಿಂದ ಒಣಗುತ್ತ, ಕಿರಿದಾಗುತ್ತ ಬಂತು. ಬೆರಳ ತುದಿಯಷ್ಟಾಗಿ ಸ್ವಲ್ಪ ಹೊತ್ತು ನಿಂತಿತು. ಮಲಕವ್ವ ಅದು ಆರುವತನಕ ನಿಂತಿದ್ದಳು.